ಕೊಟ್ಟ ಭ್ರೂಣ

ಔರಂಗಾಬಾದಿನ ನಮ್ಮ ಲ್ಯಾಬಿನಲ್ಲಿ, ಕೆಂಪು ಬಣ್ಣ ತುಂಬಿದ ಜೀಬ್ರಾಮೀನಿನ ಭ್ರೂಣವೊಂದರಿಂದ ಸೂಜಿಯಲ್ಲಿ ಇಪ್ಪತ್ತು ಜೀವಕೋಶ ಎಳೆದು, ಬಣ್ಣವಿಲ್ಲದ ಇನ್ನೊಂದು ಭ್ರೂಣದ ಅಂಚಿಗೆ ಬಿಟ್ಟೆ. ಅವು ಅಲ್ಲಿ ಕರುಳಾಗುತ್ತವೆಯೇ ಎಂಬುದೇ ನನ್ನ ಪಿಎಚ್‌ಡಿ. ಕೋಶ ಕೊಟ್ಟ ಭ್ರೂಣವನ್ನೂ ಹೋಲಿಕೆಗೆಂದು ಅದೇ ತಟ್ಟೆಯ ಪಕ್ಕದ ಗುಳಿಯಲ್ಲೇ ಇಟ್ಟುಕೊಳ್ಳಬೇಕು.

ಮರುದಿನ ಕೆಂಪು ಕೋಶಗಳು ಹೊಸ ಕರುಳಿನುದ್ದಕ್ಕೂ ಹೊಳೆಯುತ್ತಿದ್ದವು. ಭಾನುವಾರವಾದ್ದರಿಂದ ತೋರಿಸಲು ಯಾರೂ ಇರಲಿಲ್ಲ. ನಾಸಿಕಿನ ಮನೆಗೆ ಫೋನು ಮಾಡಿದೆ.

“ಛಲೋ ಆತು ಮೃದುಲಾ,” ಎಂದಳು ಅವ್ವ. “ನಿನ್ನ ಖೋಲಿ ದೇವರ ಖೋಲಿ ಮಾಡೇವಿ. ನೀ ಬಂದರ ಹಾಲ್‌ನಾಗ ಹಾಸಿ ಕೊಡ್ತೀನಿ. ನಡೀತದಲ್ಲ?”

“ನಡೀತದ,” ಎಂದೆ.

ಆಮೇಲೆ ಕೊಟ್ಟ ಭ್ರೂಣವನ್ನು ಲೆನ್ಸಿನ ಕೆಳಗಿಟ್ಟು, ತಿರುಗಿಸಿ ತಿರುಗಿಸಿ ಹುಡುಕಿದೆ. ಹಾಳಾದ್ದು, ಬಾಲ ಬಡಿಯುತ್ತ ಆರಾಮಾಗಿತ್ತು. ಇಪ್ಪತ್ತು ಕೋಶ ಹೋದ ಗುರುತೇ ಅದರ ಮೈಮೇಲಿರಲಿಲ್ಲ.