ಒಂದು ಪ್ಲೇಟ್ ಮಿರ್ಚಿಗೆ ಒಂದೂವರೆ ಗಂಟೆ ನಡಿಗೆ

ಚಳ್ಳಕೆರೆ ಮಾರುಕಟ್ಟೆ ಯಾರ್ಡಿನ ಗೇಟಿನ ಹತ್ತಿರ ನಮ್ಮ ಮಹಿಳಾ ಸಂಘದ ಸೂರಮ್ಮನ ಬಜ್ಜಿ ಗಾಡಿ ಇದೆ. ಸಂಜೆ ಐದಾದರೆ ಸಾಕು, ಮಂಡಕ್ಕಿ ಮಿರ್ಚಿಗೆ ಜನ ಮುತ್ತಿಕೊಳ್ಳುತ್ತಾರೆ. ಮೊದಲ ಪ್ಲೇಟ್ ಮಾತ್ರ ಯಾವಾಗಲೂ ಅವಳ ಗಂಡ ಪಾತಣ್ಣನಿಗೆ ಹೋಗುತ್ತಿತ್ತು. ಪಾತಣ್ಣ ಮೂವತ್ತು ವರ್ಷ ಇದೇ ಯಾರ್ಡಿನಲ್ಲಿ ಶೇಂಗಾ ಮೂಟೆ ಹೊತ್ತ ಹಮಾಲಿ. ಆಮೇಲೆ ಎಣ್ಣೆ ಮಿಲ್ಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಕಾವಲುಗಾರನಾದ. ಕೆಲಸ ಕುರ್ಚಿಗೆ ಇಳಿದರೂ ಹೊಟ್ಟೆ ಮಾತ್ರ ಹಮಾಲಿಯದೇ. ಸಕ್ಕರೆ ಕಾಯಿಲೆ ಬಂತು. ಹೋದ ವರ್ಷ ಬಲಗಾಲಿನ ಎರಡು ಬೆರಳು ಹೋದವು, ಗಾಯ ಮಾಯಲೇ ಇಲ್ಲ. ಮಿರ್ಚಿ ಬಿಡಲಿಲ್ಲ ಮಹಾರಾಯ.

ಒಂದು ಸಂಜೆ ಆಶಾ ಕಾರ್ಯಕರ್ತೆ ಗೀತಮ್ಮ ಒಂದು ರಟ್ಟಿನ ಫಲಕ ತಂದಳು. ‘ಎರಡು ಮಿರ್ಚಿ, ಒಂದು ಪ್ಲೇಟ್ ಮಂಡಕ್ಕಿ: ಕರಗಿಸಲು ಸುಮಾರು ಒಂದೂವರೆ ಗಂಟೆ ಬಿರುಸು ನಡಿಗೆ’ ಎಂದು ಅದರಲ್ಲಿ ಬರೆದಿತ್ತು.

“ಇದನ್ನ ಗಾಡಿಗೆ ಕಟ್ಟಕ್ಕ.”

ಸೂರಮ್ಮ ಸಿಡಿದಳು. “ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೋಬೇಕಾ? ಬಿಸ್ಕತ್ ಪೊಟ್ಟಣದ ಮೇಲೂ ಕ್ಯಾಲೊರಿ ಅಂತ ಬರ್ದಿರ್ತಾರೆ. ಯಾರು ಓದ್ತಾರೆ?”

“ಅದಕ್ಕೇ ಅಕ್ಕ. ನಾನೂರು ಕ್ಯಾಲೊರಿ ಅಂದ್ರೆ ಯಾರಿಗೂ ತಿಳಿಯಲ್ಲ. ಇಷ್ಟೊತ್ತು ನಡೀಬೇಕು ಅಂದ್ರೆ ಎಲ್ರಿಗೂ ತಿಳೀತೈತೆ. ಎಲ್ರೂ ಬಿಡಲ್ಲ. ಒಬ್ಬಿಬ್ರಾದ್ರೂ ಎರಡರ ಬದ್ಲು ಒಂದು ತಿಂತಾರೆ.”

ಪಾತಣ್ಣ ನಕ್ಕ. “ನಾನು ಹೊತ್ತಿರೋ ಮೂಟೆಗೆ ಇನ್ನೂ ಸಾವಿರ ಪ್ಲೇಟ್ ತಿನ್ಬೋದು ಬಿಡಮ್ಮ!”

“ಆಗ ಹೊತ್ತಿದ್ದು ಆಗಿನ ಊಟಕ್ಕೇ ಮುಗೀತು ಪಾತಣ್ಣ. ಈಗ ತಿಂದಿದ್ದಕ್ಕೆ ಈಗ್ಲೇ ನಡೀಬೇಕು.”

“ನಡಿಯೋದೇನು ಮಹಾ? ನೋಡು!”

ಗೀತಮ್ಮ “ಬ್ಯಾಡ, ಕೂತ್ಕೊಳ್ರಿ” ಅನ್ನುವುದರೊಳಗೆ ಪಾತಣ್ಣ ಎದ್ದೇಬಿಟ್ಟ. ಹತ್ತು ಹೆಜ್ಜೆ ಇಟ್ಟು ಲೈಟು ಕಂಬ ಹಿಡಿದುಕೊಂಡ. ಕಾಲಿನ ಬ್ಯಾಂಡೇಜು ರಕ್ತದಲ್ಲಿ ಒದ್ದೆಯಾಗಿತ್ತು. ಒಂದು ಕಾಲಕ್ಕೆ ಮೂಟೆ ಹೊತ್ತು ಲಾರಿ ಹತ್ತುತ್ತಿದ್ದವನನ್ನು ಇಬ್ಬರು ಹಿಡಿದು ಕರೆತಂದರು. ಅವನು ಫಲಕವನ್ನು ಇನ್ನೊಮ್ಮೆ ಓದಿ, ಪ್ಲೇಟನ್ನು ಪಕ್ಕಕ್ಕೆ ಸರಿಸಿದ.

“ನನ್ನ ಕೈಯಾರೆ ನಾನೇ ದಿನಾ ಕರ್ದು ಕೊಟ್ನಲ್ಲ!” ಎಂದು ಸೂರಮ್ಮ ಅತ್ತಳು. ಆಮೇಲೆ ತಾನೇ ದಾರ ಹುಡುಕಿ ಫಲಕ ಕಟ್ಟಿದಳು.

ಈಗ ಕೆಲವರು ಅದನ್ನು ಓದಿ ಒಂದೇ ಮಿರ್ಚಿ ಕೇಳುತ್ತಾರೆ. ಕೆಲವರು ಓದಿ, ನಕ್ಕು, ಎರಡು ಪ್ಲೇಟ್ ಮುಗಿಸಿ ಬೈಕ್ ಹತ್ತುತ್ತಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ದಿನವಿಡೀ ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಈ ಮಾತಲ್ಲ. ಅವರು ಹೊಟ್ಟೆ ತುಂಬ ಉಣ್ಣಲಿ. ಇದು ಕೂತು ದುಡಿಯುವ ನಮಗೆ. ಪ್ಲೇಟಿಗೆ ಕೈ ಹಾಕುವ ಮೊದಲು, ಇದಕ್ಕೆ ನಾನು ಯಾವಾಗ ನಡೆಯುತ್ತೇನೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಅರ್ಧಕ್ಕೇ ನಿಲ್ಲಿಸಿ. ಗಾಯ ಕೊಳೆತು, ಹೋದ ವಾರ ಆಸ್ಪತ್ರೆಯಲ್ಲಿ ಪಾತಣ್ಣನ ಪಾದವನ್ನೇ ತೆಗೆದರು. ಅವನಿಗೆ ಈ ಫಲಕ ತಡವಾಗಿ ಬಂತು. ನೀವು ಇವತ್ತೇ ಓದಿದ್ದೀರಿ.