ಉರಿಯ ಮೇಲಿನ ಮೇಣ

ಬೆಳಿಗ್ಗೆ ಹತ್ತೂವರೆಗೆ, ಜಹೀರಾಬಾದಿನ ಮನೆಯಲ್ಲಿ, ಸರಿತಾ ಮೇಣದ ಪಾತ್ರೆಯನ್ನು ನೇರವಾಗಿ ಗ್ಯಾಸಿನ ಉರಿಗೇ ಇಟ್ಟಳು. ಅಲ್ಲಿಯವರೆಗೂ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಕೆನೆಗಟ್ಟಿದ ಮೇಲೆ ನೊರೆ ಬರುವಂತೆ ಕಡೆದು ಅಲಂಕಾರಕ್ಕೆಂದು ಮೇಣದಬತ್ತಿಗಳಿಗೆ ಮೆತ್ತಿದ್ದಳು. ಕೊನೆಯ ಬತ್ತಿಗೆ ಬರುವಷ್ಟರಲ್ಲಿ ಕಡೆದ ಮೇಣ ಕಲ್ಲಾಗಿತ್ತು, ಬೇಗ ಮತ್ತೆ ಕರಗಿಸುವ ಅವಸರವಾಯಿತು.

ಪಾತ್ರೆಯಿಂದ ಹೊಗೆ ಎದ್ದಿತು. ಆಗಲೇ ಅತ್ತೆ ರುಕ್ಮಿಣಿಬಾಯಿ ತೀರ್ಥದ ಬಟ್ಟಲು ಹಿಡಿದು ಬಂದರು. ಮನೆಯಲ್ಲಿ ಹೊಸದೇನು ಮಾಡಿದರೂ ಲಿಂಗಪೂಜೆಯ ನೀರು ಚಿಮುಕಿಸದೆ ಬಿಡುವವರಲ್ಲ.

“ಬೆಣ್ಣಿಯಂಗ ಕಡದೀಯಲ್ಲವ್ವಾ, ಮಜ್ಜಿಗಿ ಎಲ್ಲಿ?” ಎಂದರು, ಬತ್ತಿಗಳ ಮೇಲಿನ ನೊರೆಮೇಣ ನೋಡಿ.

“ಅತ್ತೀ, ಹತ್ರ ಬರಬ್ಯಾಡ್ರಿ! ನೀರು ಬಿದ್ರ ಭಗ್ ಅಂತದರಿ!”

“ತೀರ್ಥಕ್ಕ ಏನಾಗ್ತದ, ಹುಚ್ಚಿ!”

ಸರಿತಾ ಗ್ಯಾಸ್ ಆರಿಸಲು ಕೈ ಚಾಚುವಷ್ಟರಲ್ಲಿ ಹನಿಗಳು ಬಿದ್ದಿದ್ದವು. ಉರಿ ಚಾವಣಿಯವರೆಗೆ ಎದ್ದಿತು. ರುಕ್ಮಿಣಿಬಾಯಿಯ ಬಲಗೈ ಮೊಣಕೈವರೆಗೆ ಸುಟ್ಟಿತು. ಹನ್ನೊಂದಕ್ಕೆ ಅವರನ್ನು ಆಸ್ಪತ್ರೆಗೆ ಸೇರಿಸಿದರು.