ಎತ್ತಿ ಹಿಡಿದ ಕಾಲು

ಹಳೆಯ ರೆಕಾರ್ಡಿಂಗಿನಿಂದ ಫ್ಯಾನಿನ ಗುಂಯ್ ಹೋಯಿತು, ಬೀದಿಯ ಹಾರ್ನ್ ಹೋಯಿತು, ಉಳಿದದ್ದು ಈ ಗುದ್ದು, ಧಪ್, ಧಪ್, ಹಲಗೆಯ ನೆಲದ ಮೇಲೆ ಅಣ್ಣನ ಬರಿಗಾಲು — ಹಾಡು ರಾಡಿಯಾಗಲು ಇದೊಂದೇ ಸಾಕು, ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು, ದಿನವಿಡೀ ಕಂಡವರ ಸಂದರ್ಶನಗಳಿಂದ ಕೆಮ್ಮು, ಎಂಜಲು ನುಂಗುವ ಸದ್ದು ಕಿತ್ತುಹಾಕುವುದೇ ಹೊಟ್ಟೆಪಾಡು, ಇದೇನು ಮಹಾ. ಅಣ್ಣ ಹೇಳಿದ್ದಿಷ್ಟೇ, ನನ್ನ ಕಾಲ್ ಸದ್ದೊಂದು ತೆಗೆದ್ಬಿಡು ಕಣೇ, ಮಗಳಿಗೆ ಕೇಳಿಸ್ಬೇಕು, ಅಪ್ಪ ಬೇಸ್ ಗಿಟಾರ್ ನುಡಿಸ್ತಿದ್ದ ಅಂದ್ರೆ ಕಿಸಕ್ ಅಂತ ನಗ್ತಾಳೆ. ನಗದೆ ಏನು, ಫ್ರಿಜ್ ರಿಪೇರಿ ಮಾಡುವ ಅಪ್ಪನ ಕೈಯಲ್ಲಿ ಆ ಹುಡುಗಿ ಕಂಡದ್ದು ಸ್ಪ್ಯಾನರ್ ಒಂದೇ. ಆಗ ಬ್ಯಾಂಡ್ ಸೇರುತ್ತಿದ್ದ ಮನೆಯ ಆ ಕೋಣೆ ಎಷ್ಟು ಇಕ್ಕಟ್ಟು, ಮಂಚವನ್ನು ಗೋಡೆಗೆ ನಿಲ್ಲಿಸಿ, ಮೂಲೆಯಲ್ಲಿ ಇವಳ ಡ್ರಮ್, ನಡುವೆ ಗಡ್ಡ ಎಂದೇ ಎಲ್ಲರೂ ಕರೆಯುವ ಹಾಡುಗಾರ, ಕಿಟಕಿಯ ಬಳಿ ಅಣ್ಣ, ಹಿಮ್ಮಡಿ ಊರಿ ಮುಂಗಾಲು ಎತ್ತಿ ಹಾಕುತ್ತ, ಕಪಾಟಿನ ಮೇಲೆ ಒಂದೇ ಒಂದು ರೆಕಾರ್ಡರ್, ಅದರೊಳಗೆ ಎಲ್ಲರ ಸದ್ದೂ ಕಲಸುಮೇಲೋಗರ — ಅಮ್ಮ ಬಾಗಿಲ ಸಂದಿಯಿಂದ, ಚಾವಣಿ ಕಿತ್ತೋದ್ರೆ ಯಾರು ಹಾಕಿಸ್ತೀರಿ — ಇದೋ, ಅದೂ ಇದೆ, ಅದನ್ನು ಮಾತ್ರ ತೆಗೆಯುವುದಿಲ್ಲ. ಇದನ್ನೇ ಕೇಳಿ ಗಡ್ಡ ತೀರ್ಪು ಕೊಟ್ಟ, ಪಲ್ಲವಿ ಬಂದಾಗೆಲ್ಲ ಹಾಡು ಎಳೀತಿದೆ, ಬೇಸ್‌ದೇ ತಪ್ಪು — ಅಣ್ಣ ಹಲ್ಲು ಕಿರಿದ, ಹೌದಪ್ಪ, ನಂದೇ ಇರ್ಬೇಕು, ಗಿಟಾರನ್ನು ಚೀಲಕ್ಕೆ ತುಂಬಿದ, ಮತ್ತೆ ಬರಲಿಲ್ಲ, ಇವಳು ಬ್ಯಾಂಡಿನಲ್ಲೇ ಉಳಿದಳು. ಆಮೇಲೆ ಮನೆಯಲ್ಲಿ ಅವನ ಹೆಸರೇ ಬಸವನಹುಳು, ಊಟಕ್ಕೆ ತಡವಾದರೆ ಬಸವನಹುಳು, ಮದುವೆ ತಡವಾದರೆ ಬಸವನಹುಳು, ಆ ಹೆಸರಿಟ್ಟವಳೂ ಇವಳೇ, ಅವನೂ ನಗುತ್ತಿದ್ದ.

ಗುದ್ದು ಅಳಿಸಬೇಕೆಂದರೆ ಒಂದೊಂದನ್ನೂ ಪರದೆಯ ಮೇಲೆ ಹುಡುಕಿ ಗುರುತು ಹಾಕಬೇಕು, ತಾಳ ಎಲ್ಲೆಲ್ಲಿ ಬೀಳಬೇಕೋ ಅಲ್ಲೆಲ್ಲ ಗೆರೆ ಎಳೆದುಕೊಂಡಳು, ಧಪ್ ಗೆರೆಯ ಮೇಲೆ, ಧಪ್ ಗೆರೆಯ ಮೇಲೆ, ಗಡಿಯಾರದ ಹಾಗೆ — ಎಲ್ಲಿ ಬಸವನಹುಳು — ಪಲ್ಲವಿ ಬರುತ್ತದೆ, ಡ್ರಮ್ ಗೆರೆ ದಾಟಿ ಬೀಳುತ್ತದೆ. ಡ್ರಮ್, ಕಾಲಲ್ಲ, ಕಾಲು ಗೆರೆಯ ಮೇಲೆಯೇ ಬಿದ್ದಿದೆ, ಡ್ರಮ್ ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತಿದೆ, ಮುಂದಿನ ಗೆರೆಗೆ ಕಾಲು ಬೀಳಲೇ ಇಲ್ಲ, ಕಾಯಿತು, ಡ್ರಮ್ ಬಂದಾಗ ಅದರ ಜೊತೆಗೇ ಬಿತ್ತು, ಬೇಸೂ ಜೊತೆಗೇ. ಇನ್ನೊಂದು ಪಲ್ಲವಿ ನೋಡೋಣ, ಕೆಲಸ ಅಂದ ಮೇಲೆ ಎರಡು ಸಲ ನೋಡಬೇಕು — ಅಲ್ಲೂ ಹಾಗೆಯೇ, ಮೊದಲು ಇವಳು ತಡ, ಆಮೇಲೆ ಅವನು ಕಾಯುತ್ತಾನೆ. ಕಾಲನ್ನು ಅಳಿಸಿದರೆ ಹಾಡು ಚೊಕ್ಕವಾಗುತ್ತದೆ, ಯಾರು ತಡ, ಯಾರು ಕಾದರು, ಯಾರಿಗೂ ತಿಳಿಯುವುದಿಲ್ಲ, ಬೇಸ್ ಎಳೆಯುತ್ತದೆ ಎಂದು ಮಗಳೂ ನಗುತ್ತಾಳೆ. ಫೋನ್, ಅಣ್ಣ, ಏನೇ, ಹೋಯ್ತಾ ಕಾಲು, ಇವಳು, ಇಲ್ಲ ಅಣ್ಣಾ, ಎಳೀತಿದ್ದಿದ್ದು ನಾನಲ್ವಾ — ಆ ಕಡೆ ಯಾರದೋ ಫ್ರಿಜ್ ಗುರ್ರೆನ್ನುತ್ತದೆ, ನಿಲ್ಲುತ್ತದೆ — ಅದಕ್ಕೇ ಕಣೇ ತೆಗಿ ಅಂದಿದ್ದು, ಸಂಜೆ ಬರ್ತೀನಿ, ಇಟ್ಟುಬಿಟ್ಟ. ಗೊತ್ತಿತ್ತು ಅವನಿಗೆ, ಅಂದೇ ಗೊತ್ತಿತ್ತು, ಬಸವನಹುಳು ಅಂದಾಗಲೆಲ್ಲ ಗೊತ್ತಿತ್ತು, ನಾಚಿಕೆಯಿಂದ ಕಿವಿ ಸುಡುತ್ತಿದೆ ಹೆಡ್‌ಫೋನಿನೊಳಗೆ, ಅಳಿಸುವ ಗುಂಡಿಯಿಂದ ಬೆರಳು ತೆಗೆದಳು, ಮತ್ತೆ ಹಿಂದಕ್ಕೆ, ಮತ್ತೆ ಪಲ್ಲವಿ, ಕಿಟಕಿಯ ಬಳಿ ಬರಿಗಾಲು, ಹಿಮ್ಮಡಿ ನೆಲದಲ್ಲಿ, ಬೆರಳುಗಳು ಮೇಲೆ, ಗೆರೆ ದಾಟಿಹೋಯಿತು, ಕಾಲು ಇನ್ನೂ ಬಿದ್ದಿಲ್ಲ.